ಎಡಗಾಲಿಗೆ ಕೆಲಸವಿಲ್ಲದ ಕಾರು

ವಾಣಿಶ್ರೀ ಭಾನುವಳ್ಳಿಯ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಮನೆ ದಾವಣಗೆರೆಯ ಚೌಕಿಪೇಟೆಯಲ್ಲಿ, ಅಣ್ಣ ಮಹಾಂತೇಶನ ಬಟ್ಟೆ ಅಂಗಡಿಯ ಹಿಂದುಗಡೆ. ಎರಡು ವರ್ಷದವಳಿದ್ದಾಗ ಬಂದ ಪೋಲಿಯೊದಿಂದ ಅವಳ ಎಡಗಾಲಿನಲ್ಲಿ ಬಲವೇ ಉಳಿದಿರಲಿಲ್ಲ. ತೊಡೆಯಿಂದ ಬೂಟಿನವರೆಗೆ ಕ್ಯಾಲಿಪರ್ ಎಂಬ ಉಕ್ಕಿನ ಪಟ್ಟಿಗಳ ಆಸರೆ ಕಟ್ಟಿಕೊಂಡು, ಬಲಗೈಯಲ್ಲಿ ಕೋಲು ಹಿಡಿದು ನಡೆಯುತ್ತಿದ್ದಳು.

ದಿನಾ ಬೆಳಿಗ್ಗೆ ಎಂಟಕ್ಕೆ ಮಹಾಂತೇಶ ಅವಳನ್ನು ಸ್ಕೂಟರಿನಲ್ಲಿ ಬಸ್ ನಿಲ್ದಾಣಕ್ಕೆ ಬಿಡುತ್ತಿದ್ದ. ಹರಿಹರದಲ್ಲಿ ಬಸ್ಸು ಬದಲಿಸಿ ಅವಳು ಭಾನುವಳ್ಳಿಗೆ ಹೋಗಬೇಕು. ಸಂಜೆ ಆರೂವರೆಗೆ ಅವನು ಮತ್ತೆ ನಿಲ್ದಾಣದಲ್ಲಿ ಕಾದಿರುತ್ತಿದ್ದ. ಅಣ್ಣನಿಗೆ ಅವಳಿಗಿಂತ ಆರು ವರ್ಷ ಹೆಚ್ಚು. ಅವಳನ್ನು ಒಂದನೇ ಕ್ಲಾಸಿಗೆ ಹೊತ್ತುಕೊಂಡು ಹೋದವನೂ ಅವನೇ.

೧೯೯೮ರ ಜೂನ್ ತಿಂಗಳಲ್ಲಿ, ಹರಿಹರದ ನಿಲ್ದಾಣದಲ್ಲಿ ಭಾನುವಳ್ಳಿ ಬಸ್ ಹತ್ತುವಾಗ ಜನ ನೂಕಿದರು. ಕ್ಯಾಲಿಪರಿನ ಮೊಣಕಾಲ ಕೀಲು ಕಳಚಿ ವಾಣಿಶ್ರೀ ಮೆಟ್ಟಿಲಿನಿಂದ ಕೆಳಗೆ ಬಿದ್ದಳು. ಅಂಗೈ ತರಚಿದ್ದು ಬಿಟ್ಟರೆ ಪೆಟ್ಟೇನೂ ಆಗಲಿಲ್ಲ. ಆದರೆ ಇಬ್ಬರು ಗಂಡಸರು ಕಂಕುಳಿಗೆ ಕೈ ಹಾಕಿ ಅವಳನ್ನು ಎತ್ತಿ ಕಲ್ಲುಬೆಂಚಿನ ಮೇಲೆ ಕೂರಿಸಿದಾಗ ಸುತ್ತಲಿನವರೆಲ್ಲ 'ಪಾಪ, ಪಾಪ' ಎಂದರು. ಕೀಲನ್ನು ಮತ್ತೆ ಸಿಕ್ಕಿಸಿಕೊಳ್ಳುತ್ತ ಅವಳು ಅಲ್ಲೇ ತೀರ್ಮಾನ ಮಾಡಿದಳು.

ಆ ಸಂಜೆ ಊಟಕ್ಕೆ ಕುಳಿತಾಗ ಹೇಳಿದಳು. "ಅಣ್ಣ, ನಾನೊಂದು ಕಾರ್ ತಗಂತೀನಿ. ನಾನೇ ಓಡಿಸ್ತೀನಿ."

ತಾಯಿ ಸರ್ವಮಂಗಳಮ್ಮ ರೊಟ್ಟಿ ಹಾಕುತ್ತಿದ್ದ ಕೈ ನಿಲ್ಲಿಸಿದರು. ಮಹಾಂತೇಶ ನಕ್ಕ. "ಕ್ಲಚ್ ಹೆಂಗ್ ಒತ್ತತಿ?"

"ಕ್ಲಚ್ ಇಲ್ಲದ ಗಾಡಿ ಅದಾವೆ. ಮೈಸೂರಿನ ಟ್ರೈನಿಂಗಿನಾಗ ನನ್ನಂಗೇ ಕಾಲಿರೋ ಮೇಡಮ್ ಒಬ್ರು ಅಂಥದ್ರಾಗೇ ಬರ್ತಿದ್ರು. ಎಡಗಾಲಿಗೆ ಅದ್ರಾಗ ಕೆಲಸಾನೇ ಇಲ್ಲ."

ಹನ್ನೊಂದು ವರ್ಷದ ಸಂಬಳದಲ್ಲಿ ಅವಳು ಉಳಿಸಿದ್ದು ಹಳೆಯ ಕಾರೊಂದಕ್ಕೆ ಸಾಕಾಗುವಷ್ಟಿತ್ತು. ಮಹಾಂತೇಶನಿಗೆ ಬೇಡ ಅನ್ನಲು ಕಾರಣ ಸಿಗಲಿಲ್ಲ. "ಆತು, ನೋಡಾನ" ಎಂದ.

ಆಗ ಆ ಕಡೆ ಆಟೊಮ್ಯಾಟಿಕ್ ಕಾರುಗಳು ಬೆರಳೆಣಿಕೆಯಷ್ಟು. ಮೊದಲು ಸುದ್ದಿ ಬಂದದ್ದು ವಿದ್ಯಾನಗರದ ಡಾಕ್ಟರೊಬ್ಬರ ಕಾರಿನದು. ಹರಿಹರದ ಮೆಕ್ಯಾನಿಕ್ ಬಡೇಸಾಬ್ ಇವರ ಅಂಗಡಿಯ ವ್ಯಾನನ್ನು ರಿಪೇರಿ ಮಾಡಿಕೊಡುತ್ತಿದ್ದವನು. ಅವನನ್ನೇ ಕರೆದುಕೊಂಡು ಹೋಗಿ ಮಹಾಂತೇಶ ಆ ಕಾರನ್ನು ನೋಡಿ ಬಂದ. "ಬ್ಯಾಡ ವಾಣಿ. ಗೇರ್ ಬಾಕ್ಸ್ ನಡುಗ್ತೈತೆ. ಬಡೇಸಾಬನೂ ಬ್ಯಾಡಂದ." ಆಮೇಲೆ ಚಿತ್ರದುರ್ಗದ್ದೊಂದು, ಅದಕ್ಕೆ ಆಕ್ಸಿಡೆಂಟ್ ಆಗಿ ಚಾಸಿ ಸೊಟ್ಟಗಾಗಿದೆ ಎಂದ. ಮೂರನೆಯದು ತುಕ್ಕು ಹಿಡಿದಿತ್ತಂತೆ. ಎರಡು ಸಲ ಅವಳು ತಾನೂ ಬರುತ್ತೇನೆ ಎಂದಾಗ, "ಸುಮ್ನ ನಿನಗ್ಯಾಕ ಅಲೆದಾಟ?" ಎಂದು ಒಬ್ಬನೇ ಹೋದ. ಜೂನ್ ಮುಗಿಯಿತು, ಜುಲೈ ಮುಗಿಯಿತು. ವಾಣಿಶ್ರೀ ಬಸ್ಸಿನಲ್ಲೇ ಓಡಾಡಿದಳು.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಶಾಲೆ ಅರ್ಧ ದಿನ. ಹರಿಹರದಲ್ಲಿ ದಾವಣಗೆರೆ ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ಅವಳು ನಿಲ್ದಾಣದ ಹಿಂದಿನ ರಸ್ತೆಯಲ್ಲಿದ್ದ ಬಡೇಸಾಬನ ಗ್ಯಾರೇಜಿಗೆ ಹೋದಳು. ಐವತ್ತು ದಾಟಿದ ತೆಳ್ಳನೆಯ ಮನುಷ್ಯ. ಹಣೆಯ ಮೇಲೆ ಗ್ರೀಸಿನ ಗುರುತು.

"ಬರ್ರಿ ಟೀಚರಮ್ಮ, ಕೂಡ್ರಿ," ಎಂದು ಸ್ಟೂಲ್ ಒರೆಸಿ ಕೊಟ್ಟ. "ಗಾಡಿ ತಗಂಡ್ರೇನ್ರಿ?"

"ಎಲ್ಲಿ ತಗಳ್ಳೋದು? ಆ ಡಾಕ್ಟರ್ ಗಾಡಿ ನಡುಗ್ತೈತೆ ಅಂತ ನೀವೇ ಬ್ಯಾಡಂದ್ರಂತಲ್ಲ."

ಬಡೇಸಾಬ್ ನಟ್ಟು ಬಿಚ್ಚುತ್ತಿದ್ದ ಪಾನಾ ಕೆಳಗಿಟ್ಟ. "ನಾನಾ? ಬೆಣ್ಣಿ ಇದ್ದಂಗ ಇತ್ತಲ್ರಿ ಆ ಗಾಡಿ. ಕಣ್ಮುಚ್ಚಿ ತಗೋರಿ ಅಂದಿದ್ದೆ ನಿಮ್ ಅಣ್ಣಾರಿಗೆ. ಮಾರನೇ ವಾರನೇ ಹುಬ್ಬಳ್ಳಿ ಪಾರ್ಟಿ ಹೊಡ್ಕಂಡ್ ಹೋತು." ಹೇಳಿಬಿಟ್ಟ ಮೇಲೆ ಅವಳ ಮುಖ ನೋಡಿ ಅವನಿಗೆ ಅರ್ಥವಾಯಿತು. "ನನಗ್ ಗೊತ್ತಿದ್ದಿಲ್ರಿ," ಎಂದು ತಲೆ ತಗ್ಗಿಸಿದ.

ವಾಣಿಶ್ರೀಗೆ ಮೂರು ತಿಂಗಳು ಬಸ್ಸಿನ ಮೆಟ್ಟಿಲು ಹತ್ತಿಳಿದದ್ದು, ಕಾರು ನೋಡಲು ಹೋದ ಅಣ್ಣ ಬರುವುದನ್ನೇ ಕಾಯುತ್ತ ಜಗುಲಿಯ ಮೇಲೆ ಕುಳಿತದ್ದು ಎಲ್ಲ ಒಟ್ಟಿಗೆ ನೆನಪಾಯಿತು. "ಬೇರೆ ಯಾವುದಾದ್ರೂ ಐತೇನ್ರಿ?" ಎಂದಷ್ಟೇ ಕೇಳಿದಳು.

ಇತ್ತು. ಹರಿಹರದಲ್ಲೇ, ರುದ್ರಮುನಿ ಎಂಬ ನಿವೃತ್ತ ಎಂಜಿನಿಯರರ ಮನೆಯಲ್ಲಿ. ಎಂಟು ವರ್ಷ ನೈರೋಬಿಯಲ್ಲಿ ಕೆಲಸ ಮಾಡಿ ಬರುವಾಗ ಹಡಗಿನಲ್ಲಿ ತಂದ ಜಪಾನಿನ ಪುಟ್ಟ ಬಿಳಿ ಕಾರು. ಈಗ ಕಣ್ಣು ಮಂಜಾಗಿ ಅವರು ಓಡಿಸುವುದನ್ನು ನಿಲ್ಲಿಸಿದ್ದರು.

"ಆದ್ರ ಒಂದ್ ಮಾತು ಟೀಚರಮ್ಮ," ಎಂದ ಬಡೇಸಾಬ್. "ಅದು ಡಾಕ್ಟರ್ ಗಾಡಿ ತರ ಅಲ್ಲ. ಅದ್ರಾಗ ಗೇರೇ ಇಲ್ಲ. ಒಂದು, ಎರಡು, ಮೂರು ಅಂತ ಬದ್ಲಾಗಂಗೇ ಇಲ್ಲ. ನನಗೂ ಅದು ಹೊಸದೇ. ಸುಳ್ಳ್ಯಾಕ ಹೇಳ್ಲಿ?"

"ಗೇರಿಲ್ಲದೆ ಹೆಂಗ್ ಹೋಗ್ತೈತೆ?"

ರಿಪೇರಿಗೆ ಬಂದಿದ್ದ ಗೇರಿಲ್ಲದ ಸ್ಕೂಟರೊಂದರ ಪಕ್ಕದ ಮುಚ್ಚಳವನ್ನು ಬಡೇಸಾಬ್ ಬಿಚ್ಚಿ ತೋರಿಸಿದ. ಒಳಗೆ ಹಿಂದೊಂದು ಮುಂದೊಂದು ರಾಟೆ, ನಡುವೆ ಅಗಲವಾದ ಬೆಲ್ಟು. ಒಂದೊಂದು ರಾಟೆಯೂ ಬೆನ್ನಿಗೆ ಬೆನ್ನು ಕೊಟ್ಟ ಎರಡು ತಟ್ಟೆಗಳಂತಿತ್ತು. ತಟ್ಟೆಗಳು ಹತ್ತಿರ ಸರಿದರೆ ಬೆಲ್ಟು ಅಂಚಿಗೆ ಏರುತ್ತಿತ್ತು, ದೂರ ಸರಿದರೆ ನಡುವಿಗೆ ಇಳಿಯುತ್ತಿತ್ತು. ಒಂದರಲ್ಲಿ ಏರಿದಾಗ ಇನ್ನೊಂದರಲ್ಲಿ ಇಳಿಯುತ್ತಿತ್ತು. "ಕಾರಿನಾಗೂ ಇದೇ. ಆದ್ರ ರಬ್ಬರಿಂದಲ್ಲ, ಉಕ್ಕಿನ ಬೆಲ್ಟು. ಎಣ್ಣ್ಯಾಗ ಮುಳುಗಿರ್ತೈತೆ."

ವಾಣಿಶ್ರೀ ಬಗ್ಗಿ ನೋಡಿದಳು, ಬೆರಳಿನಿಂದ ರಾಟೆಯನ್ನು ತಿರುಗಿಸಿ ನೋಡಿದಳು. "ಅಂದ್ರೆ ಒಂದಕ್ಕೂ ಎರಡಕ್ಕೂ ನಡುವೆ ಎಷ್ಟು ಸಂಖ್ಯೆ ಅದಾವೋ ಅಷ್ಟೂ ಗೇರು," ಎಂದಳು. ಹತ್ತನೇ ಕ್ಲಾಸಿನ ಮಕ್ಕಳಿಗೆ ಇದನ್ನು ತಂದು ತೋರಿಸಬೇಕು ಎಂದುಕೊಂಡಳು. ಬಸ್ಸು ತಪ್ಪಿದ್ದು ಅವಳಿಗೆ ಆಮೇಲೆ ಗೊತ್ತಾಯಿತು.

ಮನೆಗೆ ಬಂದು ಅಣ್ಣನನ್ನು ಅಂಗಡಿಯಲ್ಲೇ ನಿಲ್ಲಿಸಿ ಕೇಳಿದಳು. "ಡಾಕ್ಟರ್ ಕಾರಿಗೆ ಏನೂ ಆಗಿರಲಿಲ್ಲಂತೆ. ಯಾಕ ಸುಳ್ಳು ಹೇಳ್ದಿ?"

ಮಹಾಂತೇಶ ಅಳೆಯುತ್ತಿದ್ದ ಬಟ್ಟೆಯನ್ನು ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. "ಹೌದು, ಹೇಳ್ದೆ," ಎಂದ.

"ಭಾನುವಾರ ಹರಿಹರದಾಗ ಒಂದು ಕಾರ್ ನೋಡಾಕ ಹೋಗ್ತೀನಿ. ನಾನೇ ಹೋಗ್ತೀನಿ. ನೀನು ಬಂದ್ರೆ ಬಾ, ಬಿಟ್ರೆ ಬಿಡು."

ಅವನು ಬಂದ.

ರುದ್ರಮುನಿಯವರದು ನದಿಗೆ ಹತ್ತಿರದ ಮನೆ. ಅರವತ್ತೈದು ವರ್ಷದ, ಎತ್ತರದ ಆಳು, ದಪ್ಪ ಗಾಜಿನ ಕನ್ನಡಕ. ಕಾರಿನ ಬಗ್ಗೆ ಮಗಳನ್ನು ಮದುವೆ ಮಾಡಿಕೊಡುವವರ ಹಾಗೆ ಮಾತಾಡಿದರು. ಎಷ್ಟು ದೂರ ಓಡಿದೆ, ಯಾವಾಗ ಟೈರ್ ಹಾಕಿಸಿದ್ದು, ಎಲ್ಲಿ ಉಜ್ಜಿದೆ, ಎಲ್ಲವನ್ನೂ ತಾವೇ ಹೇಳಿದರು. "ಬಿಡಿಭಾಗ ಇಲ್ಲಿ ಸಿಗೋದಿಲ್ಲಮ್ಮ. ಮುಂದಿನ ಗಾಜು ಒಡೆದರೆ ಬೊಂಬಾಯಿಗೇ ಬರೀಬೇಕು. ತಿಳಿದು ತಗೊಳ್ಳಿ," ಎಂದರು. ಬರುತ್ತೇನೆಂದಿದ್ದ ಬಡೇಸಾಬ್ ಇನ್ನೂ ಬಂದಿರಲಿಲ್ಲ. ವಾಣಿಶ್ರೀ ಕಾರಿನ ಸುತ್ತ ಒಂದು ಸುತ್ತು ಬಂದಳು. ಬಾಗಿಲು ಅಗಲವಾಗಿ ತೆರೆಯುತ್ತಿತ್ತು, ಸೀಟು ಅವಳ ಸೊಂಟದ ಎತ್ತರಕ್ಕೆ ಸರಿಯಾಗಿತ್ತು. ಅವಳ ಮನಸ್ಸು ಅಲ್ಲೇ ನಿಂತುಬಿಟ್ಟಿತು.

"ಮೊದಲು ನಾನ್ ಓಡಿಸಿ ಬರ್ತೀನಿ," ಎಂದು ಮಹಾಂತೇಶ ಕಾರು ಹತ್ತಿದ.

ಗೇಟು ದಾಟುವಷ್ಟರಲ್ಲೇ ಕಾರು ಗಕ್ಕನೆ ನಿಂತಿತು. ಇಪ್ಪತ್ತು ವರ್ಷ ವ್ಯಾನ್ ಓಡಿಸಿದ ಎಡಗಾಲು ಕ್ಲಚ್ ಹುಡುಕಿ, ಅಗಲವಾದ ಬ್ರೇಕನ್ನೇ ಬಲವಾಗಿ ಒತ್ತಿತ್ತು. ಅವನ ಎದೆ ಸ್ಟೇರಿಂಗಿಗೆ ಬಡಿಯಿತು. ಮತ್ತೆ ಹೊರಟ, ತಿರುವಿನಲ್ಲಿ ಮತ್ತೆ ಹಾಗೇ ಆಯಿತು. "ಆ ಕಾಲನ್ನ ಹಿಂದಕ್ಕೆ ಮಡಚಿಟ್ಕೊಳ್ಳಿ," ಎಂದು ರುದ್ರಮುನಿ ಕೂಗಿ ಹೇಳಿದರು. ವಾಣಿಶ್ರೀಗೆ ಸಿಟ್ಟಿನಲ್ಲೂ ನಗು ಬಂತು.

ಅರ್ಧ ಗಂಟೆ ಬಿಟ್ಟು ಅವನು ಬಂದಾಗ ಮುಖ ಗಂಭೀರವಾಗಿತ್ತು. ತಂಗಿಯನ್ನು ಪಕ್ಕಕ್ಕೆ ಕರೆದ. "ವಾಣಿ, ತಂಪಿದ್ದಾಗ ಚೆನ್ನಾಗೈತೆ. ಬಿಸಿ ಆದ್ಮೇಲೆ ಹೊಳಿ ದಂಡೆಯಿಂದ ರಸ್ತೆಗೆ ಹತ್ತಿಸುವಾಗ ನಡುಗ್ತೈತೆ."

"ಡಾಕ್ಟರ್ ಕಾರೂ ನಡುಗ್ತಿತ್ತಲ್ಲ."

ಅವನಿಗೆ ಕೆನ್ನೆಗೆ ಹೊಡೆದಂತಾಯಿತು. "ಇದು ಖರೇನೇ ನಡುಗ್ತೈತೆ."

"ಸಾಕು ಅಣ್ಣ. ಇದೇ ಕಾರು ತಗಂತೀನಿ."

ಮಹಾಂತೇಶ ನಿಜ ಹೇಳಿದರೂ ನಂಬುವವರಿಲ್ಲದ ಹಾಗೆ ತಾನೇ ಮಾಡಿಕೊಂಡಿದ್ದ. ಅವನು ಕಾರಿನ ಬಲಗಡೆಯ ಬಾಗಿಲು ತೆರೆದ. "ನನ್ನ ಮಾತು ನಂಬಬ್ಯಾಡ. ನೀನೇ ಕೂಡು. ನೀನೇ ಓಡ್ಸಿ ನೋಡು."

"ನನಗ್ ಎಲ್ಲಿ ಬರ್ತೈತೆ?"

"ಹೊಳಿ ದಂಡೆ ಮೈದಾನದಾಗ ಯಾರೂ ಇಲ್ಲ. ನಾನ್ ಪಕ್ಕದಾಗ ಇರ್ತೀನಿ. ನಡಿ."

ಮೈದಾನದವರೆಗೆ ಅವನೇ ಓಡಿಸಿದ. ಅಲ್ಲಿ ಅವಳು ಸೀಟಿಗೆ ಬಂದು, ಕ್ಯಾಲಿಪರಿನ ಕೀಲು ಬಿಚ್ಚಿ ಎಡಗಾಲನ್ನು ಕೈಯಿಂದ ಎತ್ತಿ ಮೂಲೆಯಲ್ಲಿಟ್ಟಳು. ಅಣ್ಣ ಹೇಳಿದಂತೆ ಬ್ರೇಕ್ ಒತ್ತಿ ಪಕ್ಕದ ರಾಡನ್ನು ಮುಂದಕ್ಕೆ ಹೋಗುವ 'ಡಿ' ಗುರುತಿಗೆ ತಂದಳು. ಬ್ರೇಕಿನಿಂದ ಕಾಲು ತೆಗೆದು ಆಕ್ಸಿಲರೇಟರನ್ನು ಮೆಲ್ಲಗೆ ಮುಟ್ಟಿದಳು. ಕಾರು ಸರಿಯಿತು. ಎಂಜಿನ್ನಿನ ಸದ್ದು ಒಂದೇ ಸಮನಾಗಿತ್ತು. ಆದರೆ ಹೊರಗಿನ ಜಾಲಿಗಿಡಗಳು ಬೇಗ ಬೇಗ ಹಿಂದೆ ಹೋಗತೊಡಗಿದವು. ಎಲ್ಲಿಯೂ ಜಗ್ಗಲಿಲ್ಲ, ತಡೆಯಲಿಲ್ಲ. ಅವಳ ಎಡಗಾಲು ಎಂದೂ ಏನನ್ನೂ ಒತ್ತಿದ್ದಲ್ಲ. ಹಾಗಾಗಿ ಅಣ್ಣನ ಹಾಗೆ ಒಮ್ಮೆಯೂ ಗಕ್ಕನೆ ನಿಲ್ಲಿಸಲಿಲ್ಲ. ಬ್ರೇಕಿಗೂ ಬಲಗಾಲು, ಓಟಕ್ಕೂ ಬಲಗಾಲು. ಮೂವತ್ತಾರು ವರ್ಷ ಎರಡು ಕಾಲಿನ ಕೆಲಸ ಮಾಡಿದ ಕಾಲು ಅದು.

ಐದಾರು ಸುತ್ತಿನ ಮೇಲೆ ಅವಳಿಗೆ ಧೈರ್ಯ ಬಂತು. ತಾನು ನಗುತ್ತಿದ್ದೇನೆ ಎಂಬುದೂ ಅವಳಿಗೆ ತಿಳಿಯಲಿಲ್ಲ. ಪಕ್ಕದಲ್ಲಿ ಮಹಾಂತೇಶ ಅವಳನ್ನೇ ನೋಡುತ್ತಿದ್ದ.

"ಈಗ ಆ ಏರಿಗೆ ಹೋಗು. ಮೆಲ್ಲಕ," ಎಂದ.

ಏರಿನ ನಡುವೆ ಅವಳ ಬಲಗಾಲಿನ ಹಿಮ್ಮಡಿಗೆ ಅದು ತಾಕಿತು. ಬರ್ರ್ ಎಂದು ಇಡೀ ಕಾರು ಚಳಿ ಹಿಡಿದಂತೆ ನಡುಗಿತು. ಎರಡನೆಯ ಸಲ ಹತ್ತಿಸಿದಳು, ಮತ್ತೆ ನಡುಗಿತು. ಮೈದಾನಕ್ಕೆ ಇಳಿಸಿ ನಿಲ್ಲಿಸಿ, ಕೈಗಳನ್ನು ಸ್ಟೇರಿಂಗಿನ ಮೇಲೆಯೇ ಇಟ್ಟುಕೊಂಡು ಕುಳಿತಳು.

"ಹೌದು, ನಡುಗ್ತೈತೆ," ಎಂದಳು.

"ನೀನು ನಡುಗಲ್ಲ ಅಂದಿದ್ರೆ ಚಲೋ ಇತ್ತು," ಎಂದ ಮಹಾಂತೇಶ. ಆಮೇಲೆ ತಾನಾಗಿಯೇ ಹೇಳಿದ. "ದಿನಾ ಬೆಳಿಗ್ಗೆ ನಿನ್ನ ಬಿಟ್ಟು ಬಂದು ಅಂಗಡಿ ತೆಗೀತೀನಿ. ಬುದ್ಧಿ ಬಂದಾಗಿಂದ ಅದೇ. ಆ ಡಾಕ್ಟರ್ ಕಾರು ಓಡಿಸಿದಾಗ, ಇದು ಮನಿಗೆ ಬಂದ್ರೆ ಬೆಳಿಗ್ಗೆ ಎದ್ದು ನಾನೇನ್ ಮಾಡ್ಲಿ ಅನ್ನಿಸ್ತು. ಲಾರಿ, ಟ್ರ್ಯಾಕ್ಟರ್ ನಡುವೆ ನೀನೊಬ್ಬಳೇ ಅಂತ ಹೆದರಿಕೆನೂ ಆತು. ಬಾಯಿಗೆ ಬಂದದ್ದು ಹೇಳ್ದೆ. ಒಂದು ಸಲ ಹೇಳಿದ್ಮೇಲೆ ಎರಡನೇದು ಸಲೀಸಾತು."

"ಮೂರು ತಿಂಗಳು ನಾನು ಬಸ್ಸಿನಾಗ ಜೋತಾಡಿದ್ದೆ ಅಣ್ಣ."

"ತಪ್ಪಾತು."

ಅವಳು ಆಗಲೇ ಕ್ಷಮಿಸಿದಳು ಎನ್ನುವಂತಿಲ್ಲ. ಆದರೆ ಕಾರಿನಿಂದ ಇಳಿಯುವಾಗ ಅವನು ಚಾಚಿದ ಕೈಯನ್ನು ಹಿಡಿದುಕೊಂಡಳು.

ಅವರು ವಾಪಸ್ಸು ಬರುವಷ್ಟರಲ್ಲಿ ಮನೆಯ ಹತ್ತಿರ ಬಡೇಸಾಬ್ ಬಂದಿದ್ದ. ನಡುಕದ ವಿಷಯ ಕೇಳಿ ಅವನು ರುದ್ರಮುನಿಯವರ ಒಪ್ಪಿಗೆ ಪಡೆದು ಕಾರಿನ ಕೆಳಗೆ ನುಸುಳಿ, ಗೇರ್ ಬಾಕ್ಸಿನ ಎಣ್ಣೆ ಇಳಿಸುವ ಬಿರಡೆಯನ್ನು ಬಿಚ್ಚಿದ. ತಗಡಿನ ತಟ್ಟೆಗೆ ಬಿದ್ದ ಎಣ್ಣೆ ಕಂದು ಬಣ್ಣಕ್ಕಿತ್ತು, ಸುಟ್ಟ ವಾಸನೆ. ಮೂಸಿ ನೋಡಿ, "ಯಜಮಾನ್ರೆ, ಇದನ್ನ ಯಾರು ಹಾಕಿದ್ದು?" ಎಂದು ಕೇಳಿದ.

"ಹೋದ ವರ್ಷ ಹೈವೇ ಪಕ್ಕದ ಒಂದು ಗ್ಯಾರೇಜಿನಲ್ಲಿ ಬದಲಿಸಿದರು. ಯಾಕಪ್ಪ?"

"ಎಲ್ಲಾ ಗಾಡಿಗೂ ಹಾಕೋ ಎಣ್ಣೆ ಇದು. ಈ ಬೆಲ್ಟಿಗೆ ಬೇರೆನೇ ಬೇಕಂತ ನಿಮ್ ಗಾಡಿ ಪುಸ್ತಕದಾಗೇ ಇರ್ಬೇಕು ನೋಡ್ರಿ."

ವಾಣಿಶ್ರೀ ಪುಸ್ತಕ ತರಿಸಿ ಹುಡುಕಿದಳು. ಇತ್ತು, ದಪ್ಪ ಅಕ್ಷರದಲ್ಲಿ ಎಚ್ಚರಿಕೆಯೂ ಇತ್ತು. ರುದ್ರಮುನಿ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. "ಆಗಲೇ ನನಗೆ ಸರಿಯಾಗಿ ಕಾಣ್ತಿರಲಿಲ್ಲ. ಅವರು ಹಾಕಿದ್ದನ್ನ ನಾನು ಓದಿ ನೋಡಲಿಲ್ಲ. ಈ ಗಾಡಿ ನೀವು ತಗೋಬೇಡಿ ತಾಯಿ. ಕಾಲಿಗೆ ಆಸರೆ ಬೇಕು ಅಂತ ಬಂದವರಿಗೆ ನಾನು ಇಂಥದ್ದನ್ನ ಮಾರಬಾರದು."

"ತಡೀರಿ," ಎಂದ ಬಡೇಸಾಬ್. ಬಿರಡೆಯ ತುದಿಯಲ್ಲಿ ಒಂದು ಅಯಸ್ಕಾಂತವಿತ್ತು. ಅದಕ್ಕೆ ಅಂಟಿದ್ದ ಕೆಸರನ್ನು ಬೆರಳುಗಳ ನಡುವೆ ತಿಕ್ಕಿ ಬಿಸಿಲಿಗೆ ಹಿಡಿದ. "ಬೆಲ್ಟು ಹರಿದಿದ್ರೆ ಉಕ್ಕಿನ ಚೂರು ಚುಚ್ಚಬೇಕು. ಇದು ಹಿಟ್ಟಿನಂಗೈತೆ, ನುಣ್ಣಗೆ. ನೋಡ್ರಿ ಟೀಚರಮ್ಮ, ಕೈ ಕೊಡ್ರಿ." ಅವಳೂ ತಿಕ್ಕಿ ನೋಡಿದಳು. ಮಹಾಂತೇಶನೂ ನೋಡಿದ. "ಸರಿಯಾದ ಎಣ್ಣೆ ಹಾಕಿ, ಓಡ್ಸಿ, ತೆಗೆದು ಮತ್ತೊಂದು ಸಲ ಹಾಕಿದ್ರೆ ನಡುಕ ನಿಂತ್ರೂ ನಿಲ್ಲಬಹುದು. ನಿಲ್ಲಲಿಲ್ಲ ಅಂದ್ರ ಬ್ಯಾಡ. ಗ್ಯಾರಂಟಿ ಮಾತು ನಾನ್ ಆಡಲ್ಲ."

ಎಣ್ಣೆ ಸಿಕ್ಕ ಮೇಲೆ ನೋಡಿ ತೀರ್ಮಾನಿಸುವುದೆಂದಾಯಿತು. ಅಲ್ಲಿಯವರೆಗೆ ಬೇರೆ ಯಾರಿಗೂ ಕಾರು ತೋರಿಸುವುದಿಲ್ಲ ಎಂದು ರುದ್ರಮುನಿ ಮಾತು ಕೊಟ್ಟರು. ಬೊಂಬಾಯಿಯ ಬಂದರಿನಲ್ಲಿದ್ದ ತಮ್ಮ ಹಳೆಯ ಗೆಳೆಯರೊಬ್ಬರಿಗೆ ಪತ್ರ ಬರೆಸಿದರು. ಹೇಳಿದ್ದನ್ನು ಬರೆದುಕೊಂಡವಳು ವಾಣಿಶ್ರೀಯೇ. ಮೂರು ವಾರಕ್ಕೆ ಎಣ್ಣೆಯ ಡಬ್ಬಗಳು ಲಾರಿ ಆಫೀಸಿಗೆ ಬಂದವು.

ಅಕ್ಟೋಬರಿನ ಸುಡುಬಿಸಿಲು. ಬಡೇಸಾಬ್ ಮೊದಲ ಎಣ್ಣೆ ಹಾಕಿದ ದಿನ ನಡುಕ ಅರ್ಧ ಇಳಿಯಿತು. ಒಂದು ವಾರ ಬಿಟ್ಟು ಎರಡನೆಯದನ್ನು ಹಾಕಿದ. ಆ ಮಧ್ಯಾಹ್ನ ಮಹಾಂತೇಶ ಎಡಗಾಲನ್ನು ಸೀಟಿನ ಕೆಳಗೆ ಮಡಚಿಕೊಂಡು, ದಾವಣಗೆರೆವರೆಗೆ ಹೋಗಿ ಬಂದು ಎಂಜಿನ್ ಚೆನ್ನಾಗಿ ಕಾಯಿಸಿ, ಹೊಳೆಯ ಏರನ್ನು ಹನ್ನೊಂದು ಸಲ ಹತ್ತಿಸಿದ. ಅಂಗಿ ಬೆನ್ನಿಗೆ ಅಂಟಿತ್ತು. ವಾಣಿಶ್ರೀ ಬೇವಿನ ಮರದ ನೆರಳಿನಲ್ಲಿ ರುದ್ರಮುನಿಯವರ ಪಕ್ಕ ಕುಳಿತು ನೋಡುತ್ತಿದ್ದಳು. "ಸಾಕು ಬಾ ಅಣ್ಣ," ಎಂದು ಕೂಗಿದರೂ ಅವನು ಕೇಳಲಿಲ್ಲ.

ಹನ್ನೊಂದನೆಯ ಸಲ ಮೇಲೆ ಬಂದು ನಿಲ್ಲಿಸಿ ಇಳಿದ. "ತಗೋ," ಎಂದ. "ನೂಲೆಳೆದಂಗ ಹತ್ತುತ್ತೈತೆ. ಬೇಕಿದ್ರೆ ನೀನೇ ನೋಡು."

"ಬ್ಯಾಡ," ಎಂದಳು ವಾಣಿಶ್ರೀ. "ನೀನ್ ಹೇಳಿದ್ಯಲ್ಲ."

ಮಹಾಂತೇಶ ಮುಖದ ಬೆವರು ಒರೆಸಿಕೊಳ್ಳುವ ನೆಪದಲ್ಲಿ ಅತ್ತ ತಿರುಗಿದ.

ನವೆಂಬರಿನಲ್ಲಿ ಕಾರು ಚೌಕಿಪೇಟೆಗೆ ಬಂತು. ಆವರಗೆರೆ ಕಡೆಯ ಖಾಲಿ ರಸ್ತೆಯಲ್ಲಿ ಅಣ್ಣ ತಂಗಿಗೆ ಓಡಿಸುವುದನ್ನು ಕಲಿಸಿದ. ಕಲಿಸುವಾಗ ಅವನೇ ಹೆಚ್ಚು ಕೂಗಾಡಿದ. ಎರಡು ಸಲ ಸಿಟ್ಟು ಮಾಡಿಕೊಂಡು ಇಳಿದು ಒಂದು ಮೈಲಿ ನಡೆದ, ಅವಳು ಪಕ್ಕದಲ್ಲೇ ನಿಧಾನವಾಗಿ ಕಾರು ಓಡಿಸುತ್ತ ಸಮಾಧಾನ ಮಾಡಿದಳು. ಡಿಸೆಂಬರಿನಲ್ಲಿ ಆರ್‌ಟಿಒ ಇನ್ಸ್‌ಪೆಕ್ಟರ್ ಅವಳ ಕಾಲನ್ನೂ ಕಾರನ್ನೂ ಎರಡೆರಡು ಸಲ ನೋಡಿ, ಎಂಟರ ಆಕಾರದಲ್ಲಿ ಓಡಿಸಲು ಹೇಳಿದರು. ಓಡಿಸಿದಳು. ಹಿಮ್ಮುಖವಾಗಿ ಎಂದರು, ಅದನ್ನೂ ಮಾಡಿದಳು. "ಗೇರ್ ಹಾಕೋದು ಯಾವಾಗ ಮೇಡಮ್?" ಎಂದು ಅವರು ಕೇಳಿದಾಗ, ಬೆಲ್ಟು ಮತ್ತು ರಾಟೆಗಳ ಲೆಕ್ಕವನ್ನು ಹತ್ತು ನಿಮಿಷ ವಿವರಿಸಿದಳು. ಅವರು ಸಹಿ ಮಾಡಿಕೊಟ್ಟರು.

ಮೊದಲ ವಾರ ಮಹಾಂತೇಶ ಪಕ್ಕದಲ್ಲಿ ಕುಳಿತು ಹರಿಹರದವರೆಗೆ ಬಂದು, ಬಸ್ಸಿನಲ್ಲಿ ವಾಪಸ್ಸು ಹೋದ. ಎರಡನೆಯ ಸೋಮವಾರ ಅವಳು, "ಇವತ್ತು ನೀನು ಬರಬ್ಯಾಡ ಅಣ್ಣ," ಎಂದಳು. ಅವನು ಗಾಳಿ, ನೀರು, ಎಣ್ಣೆ ಎಲ್ಲ ನೋಡಿ, ಬೀದಿಯ ತಿರುವಿನವರೆಗೆ ಕಾರಿನ ಹಿಂದೆ ನಡೆದುಹೋಗಿ ನಿಂತ.

ಭಾನುವಳ್ಳಿಯ ಕಾಲುವೆ ರಸ್ತೆಯಲ್ಲಿ ಎದುರಿಗೆ ಹುಲ್ಲು ಹೇರಿದ ಟ್ರ್ಯಾಕ್ಟರ್ ಬಂತು. ಪಕ್ಕಕ್ಕೆ ಸರಿಯಲು ಜಾಗವಿರಲಿಲ್ಲ, ಎಡಕ್ಕೆ ನೀರು. ಟ್ರ್ಯಾಕ್ಟರಿನವನು ಇಳಿದು ಬಂದು ಒಳಗೆ ಬಗ್ಗಿ ನೋಡಿ, "ನೀವ್ ಇಳೀರಿ ಟೀಚರ್, ನಾನ್ ಹಿಂದಕ್ಕ ತಗದ್ ಕೊಡ್ತೀನಿ," ಎಂದ. ವಾಣಿಶ್ರೀ ಬೇಡವೆಂದು, ಕುತ್ತಿಗೆ ಹಿಂದಕ್ಕೆ ತಿರುಗಿಸಿ, ಸೇತುವೆಯವರೆಗೂ ಹಿಮ್ಮುಖವಾಗಿ ಕಾರನ್ನು ತಂದಳು. ಅಂಗೈ ಬೆವೆತು ಸ್ಟೇರಿಂಗ್ ಜಾರುತ್ತಿತ್ತು. ಟ್ರ್ಯಾಕ್ಟರಿನವನು ದಾಟುವಾಗ ಕೈ ಎತ್ತಿ ನಮಸ್ಕಾರ ಮಾಡಿದ.

ದಾವಣಗೆರೆಯಲ್ಲಿ ಮಹಾಂತೇಶ ಆ ದಿನ ಅರ್ಧ ಗಂಟೆ ಮೊದಲೇ ಅಂಗಡಿ ತೆರೆದಿದ್ದ. ಹದಡಿಯಿಂದ ಮದುವೆ ಬಟ್ಟೆಗೆಂದು ಬಂದ ಮನೆಯವರು ಬಾಗಿಲಲ್ಲೇ ಸಿಕ್ಕಿದ್ದರು. ಅವರ ಮುಂದೆ ಸೀರೆಗಳನ್ನು ಹರಡುತ್ತ, ಅವರು ಕೇಳಿದ ಬಣ್ಣ ಬಿಟ್ಟು ಬೇರೆ ಬಣ್ಣ ತೆಗೆಯುತ್ತಿದ್ದ. ಹತ್ತು ಗಂಟೆಗೆ ಫೋನ್ ರಿಂಗಾಯಿತು.

"ಮುಟ್ಟಿದೆ ಅಣ್ಣ," ಎಂದಳು ವಾಣಿಶ್ರೀ. "ಬೆಲ್ ಹೊಡೆಯೋಕೆ ಇನ್ನೂ ಕಾಲು ಗಂಟೆ ಐತೆ."

"ಹಂಗಾರೆ ಚಾ ಕುಡಿ," ಎಂದು ಅವನು ಫೋನ್ ಇಟ್ಟ. ಆಮೇಲೆ ಹದಡಿಯವರ ಕಡೆ ತಿರುಗಿ, "ಯಾವ ಬಣ್ಣ ಅಂದ್ರಿ? ಕೂಡ್ರಿ, ನಿಮಗೂ ಚಾ ತರಿಸ್ತೀನಿ," ಎಂದ.